ನಾಳೆ ಸಾನ್ ಜಿಮಿನ್ಯಾನೋ, ಇದನ್ನು ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ನಾಳೆ ಫ್ಲಾರೆನ್ಸ್‌ನಿಂದ ಇಟಲಿಯ ಹಳೆಯ ಊರು ಸಾನ್ ಜಿಮಿನ್ಯಾನೋಗೆ ಹೊರಡುತ್ತೇವೆ. ಆ ಊರಿಗೆ ರೈಲಿಲ್ಲ, ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ ಹಿಡಿಯಬೇಕು.

ದೂರದಿಂದಲೇ ಗುಡ್ಡದ ಮೇಲೆ ಕಲ್ಲಿನ ಗೋಪುರಗಳು ಕಾಣುತ್ತವೆ. ರೋಮ್‌ಗೆ ಹೋಗುವ ಯಾತ್ರಿಕರ ದಾರಿಯಲ್ಲಿದ್ದ ಊರು, ಕೇಸರಿ ವ್ಯಾಪಾರದಿಂದ ದುಡ್ಡು ಜಾಸ್ತಿಯಾಯಿತು, ಆಮೇಲೆ ಶ್ರೀಮಂತ ಮನೆತನಗಳು ಒಬ್ಬರಿಗಿಂತ ಒಬ್ಬರು ಎತ್ತರಕ್ಕೆ ಕಟ್ಟುತ್ತಾ ಹೋಗಿ ಸುಮಾರು 72 ಗೋಪುರ ಎದ್ದವಂತೆ. ಈಗ ಉಳಿದಿರುವುದು ಹದಿನಾಲ್ಕೋ ಏನೋ. 1348ರ ಪ್ಲೇಗ್ ಊರನ್ನು ಅರ್ಧ ಖಾಲಿ ಮಾಡಿತು. 1353ರಲ್ಲಿ ಅದು ಫ್ಲಾರೆನ್ಸ್‌ನ ಕೈಗೆ ಹೋಯಿತು. ಹೊಸದಾಗಿ ಕಟ್ಟಲು ದುಡ್ಡಿರಲಿಲ್ಲ, ಅದಕ್ಕೇ ಹಳೆಯದು ಹಾಗೇ ಉಳಿಯಿತು. ಇದನ್ನು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ.

54 ಮೀಟರ್ ಎತ್ತರದ ತೊರ್ರೆ ಗ್ರೋಸ್ಸಾ ಗೋಪುರ ಹತ್ತಲೇಬೇಕು, ಮೇಲಿನಿಂದ ದ್ರಾಕ್ಷಿ ತೋಟಗಳು ಕಾಣುತ್ತವೆ. ಮೊಣಕಾಲು ನೋವಿದ್ದವರು ಸುಮ್ನೆ ಕಷ್ಟಪಡಬೇಡಿ, ಹಳೆಯ ಬಾವಿ ಇರುವ ಚಿಸ್ತೆರ್ನಾ ಚೌಕದಲ್ಲಿ ಕೂತಿರಿ. ದೊಡ್ಡ ಚರ್ಚಿನೊಳಗೆ ಸಂತ ಫೀನಾಳ ಪುಟ್ಟ ಗುಡಿಯಲ್ಲಿ ಚಿತ್ರಕಾರ ಗಿರ್ಲಂಡಾಯೋ ಬರೆದ ಭಿತ್ತಿಚಿತ್ರಗಳಿವೆ, ಅಲ್ಲಿ ಅವಸರ ಮಾಡಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬೀದಿಗಳೆಲ್ಲ ಕಲ್ಲುಹಾಸು, ಏರು ಬೇರೆ, ಒಳ್ಳೆಯ ಶೂ ಇರಲಿ.