ಗಾಳಿ ಸೋರಿದರೆ ರೈಫಲ್ ಬೆಂಗಳೂರಿಗೇ ಹೋಗಬೇಕಾ?

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲೂ ಈಗ ಏರ್ ರೈಫಲ್ ಕಲಿಯುವ ಮಕ್ಕಳಿದ್ದಾರೆ, ನನ್ನ ಮಗಳೂ ಅವರಲ್ಲಿ ಒಬ್ಬಳು. ಹತ್ತು ಮೀಟರ್ ಸ್ಪರ್ಧೆಯ ಪಿಸಿಪಿ ರೈಫಲ್ಲಿನ (ಮೊದಲೇ ತುಂಬಿಟ್ಟ ಗಾಳಿಯಿಂದ ಗುಂಡು ಹಾರಿಸುವ ರೈಫಲ್) ಸಿಲಿಂಡರಿಗೆ 200 ಬಾರ್ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಬೈಕ್ ಟೈರಿಗೆ ನಾವು ಹಾಕಿಸುವುದು ಎರಡು ಬಾರ್ ಚಿಲ್ಲರೆ. ಇಷ್ಟು ಒತ್ತಡ ಇದ್ದ ಮೇಲೆ ಒಂದಲ್ಲ ಒಂದು ದಿನ ಎಲ್ಲೋ ಸೋರಿಯೇ ಸೋರುತ್ತದೆ. ಸೋರಿತು ಅಂದರೆ ಸಾಕು, ಪ್ಯಾಕ್ ಮಾಡಿ ಬೆಂಗಳೂರಿಗೋ ಪುಣೆಗೋ ಕಳಿಸಿಬಿಡುತ್ತಾರೆ. ಅಲ್ಲಿಗೆ ವಾರಗಟ್ಟಲೆ ಮಗುವಿನ ಪ್ರಾಕ್ಟೀಸ್ ಬಂದ್. ಎಷ್ಟೋ ಸಲ ಅಲ್ಲಿ ಬದಲಾಯಿಸುವುದು ಒಂದು ಸಣ್ಣ ಓ-ರಿಂಗ್, ಅಂದರೆ ಗಾಳಿ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಅಷ್ಟೇ! ಗಣಿ ಲಾರಿ, ಜೆಸಿಬಿ ತುಂಬಿರುವ ಊರು ನಮ್ಮದು, ಓ-ರಿಂಗಿಗೆ ಬರವೇ?

ಮೊದಲು ಸೋರಿಕೆ ನಿಜಾನಾ ಅಂತ ನೋಡಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ 42 ಡಿಗ್ರಿ ಇದ್ದಾಗ 200 ಬಾರ್ ತೋರಿಸಿದ ಒತ್ತಡದ ಮೀಟರ್, ಬೆಳಗಿನ ಜಾವ 28 ಡಿಗ್ರಿಗೆ ಇಳಿದಾಗ 191ರ ಆಸುಪಾಸು ತೋರಿಸುತ್ತದೆ. ಗಾಳಿ ಎಲ್ಲೂ ಹೋಗಿರುವುದಿಲ್ಲ, ತಣ್ಣಗಾಗಿದೆ ಅಷ್ಟೇ. ಆಗಷ್ಟೇ ತುಂಬಿದ ಸಿಲಿಂಡರ್ ಬಿಸಿ ಇರುತ್ತದೆ, ಅದರದ್ದೂ ಇದೇ ಕತೆ. ಹಾಗಾಗಿ ಇವತ್ತು ಬೆಳಿಗ್ಗೆ ನೋಡಿದರೆ ನಾಳೆಯೂ ಬೆಳಿಗ್ಗೆಯೇ ನೋಡಿ ಹೋಲಿಸಬೇಕು.

ನಿಜವಾಗಿಯೂ ಇಳಿಯುತ್ತಿದ್ದರೆ, ಗಾಳಿ ತುಂಬಲು ತೆಗೆಯುವ ಹಾಗೇ ಇಡೀ ಸಿಲಿಂಡರನ್ನು ರೈಫಲ್ಲಿನಿಂದ ತೆಗೆದು ಬೇರೆ ಇಡಿ. ಮೀಟರ್ ಸಿಲಿಂಡರಿನಲ್ಲೇ ಇದ್ದರೆ ಸುಲಭ: ಮಾರನೇ ದಿನ ಒತ್ತಡ ಹಾಗೇ ಇದ್ದರೆ ತೊಂದರೆ ರೈಫಲ್ ಕಡೆ ಇದೆ ಅಂತ ಅರ್ಥ. ಆಮೇಲೆ ಸಿಲಿಂಡರ್ ಮತ್ತೆ ಜೋಡಿಸಿ, ಸೋಪಿನ ನೀರನ್ನು ಸಣ್ಣ ಬ್ರಷ್‌ನಲ್ಲಿ ಮೀಟರಿನ ಬುಡಕ್ಕೆ, ಗಾಳಿ ತುಂಬುವ ಬಾಯಿಗೆ, ಸಿಲಿಂಡರ್ ಸೇರುವ ಜಾಗಕ್ಕೆ ಹಚ್ಚಿ. ಸ್ವಲ್ಪ ತಾಳ್ಮೆ ಬೇಕು, ಸಣ್ಣ ಸೋರಿಕೆಯಾದರೆ ಒಂದೇ ಒಂದು ಗುಳ್ಳೆ ನಿಧಾನಕ್ಕೆ ಊದಿಕೊಳ್ಳುತ್ತದೆ. ಎಲ್ಲೂ ಗುಳ್ಳೆ ಇಲ್ಲವೇ? ಒಳಗೆ ಪೆಲೆಟ್ (ಸೀಸದ ಸಣ್ಣ ಗುಂಡು) ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಳಿಗೆಯ ತುದಿಗೆ ಬಲೂನ್ ಸಿಕ್ಕಿಸಿ. ಅದು ಉಬ್ಬಿದರೆ ಒಳಗಿನ ಎಕ್ಸಾಸ್ಟ್ ವಾಲ್ವ್ (ಗುಂಡಿನ ಹಿಂದೆ ಗಾಳಿ ಬಿಡುವ ವಾಲ್ವ್) ಸರಿಯಾಗಿ ಕೂರುತ್ತಿಲ್ಲ. ಇಲ್ಲಿ ನನಗೆ ಮೊದಲು ಅನುಮಾನ ಬರುವುದು ನಮ್ಮ ಕೆಂಪು ದೂಳಿನ ಮೇಲೆ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯಲ್ಲಿ ಗಾಳಿ ತುಂಬುವ ಬಾಯಿಗೆ ಮುಚ್ಚಳ ಹಾಕದೆ ಇಟ್ಟರೆ, ಮುಂದಿನ ಸಲ ಗಾಳಿಯ ಜೊತೆ ಆ ದೂಳೂ ಒಳಗೆ ಹೋಗುತ್ತದೆ. ವಾಲ್ವ್ ಕೂರುವ ಜಾಗದಲ್ಲಿ ಒಂದು ಕಣ ಸಿಕ್ಕರೂ ಸಾಕು.

ರೆಗ್ಯುಲೇಟರ್ (ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ಭಾಗ) ಇರುವ ರೈಫಲ್ಲಿನಲ್ಲಿ ಪಕ್ಕಕ್ಕೆ ಒಂದು ಸೂಜಿ ತೂತು ಇರುತ್ತದೆ. ಅಲ್ಲಿಂದ ಗಾಳಿ ಬಂದರೆ ರೆಗ್ಯುಲೇಟರಿನ ರಿಂಗ್ ಹೋಗಿದೆ. ತೂತಿಗೆ ಎಂ-ಸೀಲ್ ಮೆತ್ತುವ ಜಾಣತನ ಬೇಡ, ಅದು ತೆರೆದೇ ಇರಬೇಕು.

ರಿಂಗ್ ಬದಲಾಯಿಸಲು ಒಳಗಿನ ಭಾಗ ಬಿಚ್ಚುವ ಮುಂಚೆ ಗಾಳಿ ಪೂರ್ತಿ ಖಾಲಿ ಮಾಡಬೇಕು. ಒತ್ತಡ ಇರುವಾಗ ಒಂದು ಸ್ಕ್ರೂ ಕೂಡ ಮುಟ್ಟಬೇಡಿ, ಬಿಗಿ ಮಾಡುವುದಕ್ಕೂ ಬೇಡ. ಖಾಲಿ ಮಾಡುವಾಗಲೂ ನಿಧಾನ. ಒಮ್ಮೆಲೇ ಬಿಟ್ಟರೆ ರಬ್ಬರಿನೊಳಗೆ ಸೇರಿಕೊಂಡ ಗಾಳಿ ಹಿಗ್ಗಿ ರಿಂಗೇ ಬೊಬ್ಬೆ ಎದ್ದು ಸೀಳುತ್ತದೆ. ಹಳೇ ರಿಂಗನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸುತ್ತಲೂ ಸವರಿ ನೋಡಿ, ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಆಯಿಲ್ ಸೀಲ್ ಅಂಗಡಿಯಲ್ಲಿ ಸುಮ್ನೆ 'ಇಂಥದ್ದೇ ಕೊಡಿ' ಅನ್ನಬೇಡಿ. ರೈಫಲ್ ಕಂಪನಿಯ ಪಟ್ಟಿ ನೋಡಿ ಒಳ ಅಳತೆ, ದಪ್ಪ ಎರಡೂ ಹೇಳಿ, ರಬ್ಬರಿನ ಗಡಸುತನ 70 ಇದೆಯೋ 90 ಇದೆಯೋ ಅದನ್ನೂ ಹೇಳಿ. ಹಳೇ ರಿಂಗ್ ಚಪ್ಪಟೆಯಾಗಿರುತ್ತದೆ, ಅದರ ಅಳತೆ ನಂಬುವ ಹಾಗಿಲ್ಲ. ಇನ್ನು ಟೆಫ್ಲಾನ್ ಟೇಪ್! ನಲ್ಲಿಗೆ ಸುತ್ತಿದ ಹಾಗೆ ಇಲ್ಲೂ ಸುತ್ತುವವರಿದ್ದಾರೆ. ಓ-ರಿಂಗ್ ಇರುವ ಕಡೆ ಗಾಳಿ ತಡೆಯುವುದು ರಿಂಗ್, ತಿರುಪಿನ ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಇನ್ನೊಂದು ತಲೆನೋವು.

ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ. ಹೊಲಿಗೆ ಮೆಷಿನ್ ಎಣ್ಣೆ ಹಾಕಿದರೆ ಈ ಒತ್ತಡದಲ್ಲಿ ಹೊತ್ತಿಕೊಳ್ಳಬಹುದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿದರೆ ಆಯ್ತಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ರೈಫಲ್ ಹತ್ತಿರವೇ ಬಿಡಬೇಡಿ, ಆಕ್ಸಿಜನ್ನಿಗೆ ಚೂರು ಜಿಡ್ಡು ಸೇರಿದರೂ ಸ್ಫೋಟ ಆಗಬಹುದು. ಸಿಲಿಂಡರಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮಾಡುವುದು ಕೂಡ ಕೂಡದು. ಈ ಸ್ಪರ್ಧೆಯ ರೈಫಲ್ ಸಿಲಿಂಡರುಗಳಿಗೆ ಸಾಮಾನ್ಯವಾಗಿ ತಯಾರಾದ ದಿನದಿಂದ 10 ವರ್ಷದ ಆಯಸ್ಸು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದರ ಮೇಲಿನ ತಾರೀಖು ನೋಡದೆ ದುಡ್ಡು ಕೊಡಬೇಡಿ.

ಎಲ್ಲ ತಂದೆತಾಯಿಗೂ ಇದನ್ನೆಲ್ಲ ಮನೆಯಲ್ಲಿ ಮಾಡಿ ಅಂತ ಹೇಳುತ್ತಿಲ್ಲ. ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಯಾರಿಂದಲಾದರೂ ಆಗುತ್ತದೆ, ಬಿಚ್ಚುವ ಕೆಲಸಕ್ಕೆ ಕೈ ಪಳಗಿರಬೇಕು. ಆದ್ದರಿಂದ ಕ್ರೀಡಾ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟೇ: ಜಿಲ್ಲಾ ಕ್ರೀಡಾಂಗಣದಲ್ಲಿ ನೀರಿನಂಶ ಸೋಸುವ ಫಿಲ್ಟರ್ ಇರುವ ಒಂದು ಹೈ ಪ್ರೆಶರ್ ಕಂಪ್ರೆಸರ್ ಇಡಿ, ಒಂದು ಡಬ್ಬಿ ಓ-ರಿಂಗ್ ಇಡಿ, ತಿಂಗಳಿಗೊಮ್ಮೆಯಾದರೂ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕೂರಿಸಿ. ರಾಯಚೂರು, ಕೊಪ್ಪಳದ ಮಕ್ಕಳಿಗೂ ಬೆಂಗಳೂರಿಗಿಂತ ಬಳ್ಳಾರಿ ಹತ್ತಿರ ಅಲ್ವಾ?

— ಶೂಟಿಂಗ್ ಕಲಿಯುವ ಹುಡುಗಿಯ ತಂದೆ, ಕೌಲ್ ಬಜಾರ್, ಬಳ್ಳಾರಿ