ಅಕ್ಕಿ ಮೊದ್ಲೋ, ಪ್ರಾರ್ಥನಾ ಮೊದ್ಲೋ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಕಾಲಮ್ಮಿನ್ಯಾಗ ಒಬ್ರು ಓದುಗರು, ಚರ್ಚಿನವ್ರು ಬಡವರ ಹತ್ರ ಹೋಗೂದ ಮತಾಂತರಕ್ಕ ಅಂತ ಬರದಿದ್ರು. ಓದಿ ಸಿಟ್ಟು ಬಂತು, ಸುಳ್ಳ್ಯಾಕ ಹೇಳ್ಲಿ. ನಾನು ಕೇಶ್ವಾಪುರದಾಗಿರೋ ಕ್ರಿಶ್ಚಿಯನ್ನ, ಜನವರಿಯೊಳಗ ನಮ್ಮ ಯುವಜನ ಕೂಟದ ಜೋಡಿ ಮುಂಡರಗಿ ಕಡೆ, ಕಪ್ಪತಗುಡ್ಡದ ಬುಡಕಿರೋ ಒಂದು ಲಂಬಾಣಿ ತಾಂಡಾಕ್ಕ ಮೂರು ದಿನ ಮಿಷನ್ ಟ್ರಿಪ್ ಹೋಗಿ ಬಂದಾಂವ. ಆದ್ರ ಅಲ್ಲಿ ಆಗಿದ್ದು ನೆನಪಾಗಿ ಸಿಟ್ಟು ಅರ್ಧಕ್ಕರ್ಧ ಇಳೀತು.

ಸುಗ್ಗಿ ಮುಗಿದ್ರ ಆ ತಾಂಡಾದಾಗ ದುಡಿಯೋ ಮಂದಿ ಇರೂದ ಇಲ್ಲ. ಗೋವಾ, ಮಂಗಳೂರು ಕಡೆ ಗುಳೆ ಹೋಗಿರ್ತಾರ, ಬಾಗಲಕ್ಕ ಕೀಲಿ, ಉಳಿದೋರು ಮುದುಕರು, ಸಣ್ಣ ಹುಡುಗ್ರು. ನಾವು ಟೆಂಪೋದಾಗ ಅಕ್ಕಿ, ಬ್ಯಾಳಿ, ಎಣ್ಣಿ ಪಾಕೀಟು ಹೇರ್ಕೊಂಡು, ಬ್ಯಾನರ್ ಬ್ಯಾರೆ ಕಟ್ಕೊಂಡು ಸೇವಾಲಾಲ್ ಗುಡಿ ಮುಂದಿನ ಬಯಲಾಗ ನಿಂತ್ವಿ, ಮಂದಿ ಪಾಳಿ ಹಚ್ಚಿದ್ರು. ಮುಂದ ನಿಂತಿದ್ದ ಒಬ್ಬಾಕಿ ಮುದುಕಿ, ಎಲ್ಲಾರೂ ಯಾಡಿ ಯಾಡಿ ಅಂತಿದ್ರು, ನನ್ನ ಕೇಳಿದ್ಲು, "ತಮ್ಮಾ, ಮೊದ್ಲ ಕಣ್ಣು ಮುಚ್ಚಬೇಕೇನು, ಅಕ್ಕಿ ಇಸ್ಕೊಂಡ ಮ್ಯಾಲ ಮುಚ್ಚಬೇಕೇನು?"

ಚ್ಯಾಷ್ಟಿ ಅಲ್ರಿ. ಹಿಂದ ಯಾರೋ ಬಂದೋರು ಹಂಗ ಮಾಡಿಸಿದ್ರಂತ. ಅಕಿಗೆ ಅದು ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದಂಗ, ಅಷ್ಟ. ನಮ್ಮ ಸಭಾಪಾಲಕರು ಅವತ್ತು ಪ್ರಾರ್ಥನಾ ಬ್ಯಾಡ ಅಂದು ಬ್ಯಾನರ್ ಬಿಚ್ಚಿಸಿದ್ರು. ಫೋಟೋ ಮಾತ್ರ ಆಗ್ಲೇ ಗ್ರೂಪಿಗೆ ಹೋಗಿಬಿಟ್ಟಿತ್ತು, ಅದ್ರಾಗ ನಾನೂ ಹಲ್ಲು ಕಿಸದು ನಿಂತೀನಿ.

ಮರುದಿನ ನೋಡಿದ್ರ ಯಾಡಿ ಕಟ್ಟಿ ಮ್ಯಾಲ ಕುಂತು ಕೌದಿ ಹೊಲೀತಿದ್ಲು. ಬಾಜೂಕ ಒಂದು ಹರಕ ಚಿಂದಿಗೆ ಸಾಲಾಗಿ ಸೂಜಿ ಚುಚ್ಚಿಟ್ಟಿದ್ಲು, ಎಲ್ಲಾಕ್ಕೂ ದಾರ ಪೋಣಿಸಿತ್ತು. ಮೊಮ್ಮಗ ಶಾಲಿಗೆ ಹೋಗೂ ಮುಂಚೆ ಹತ್ತು ಸೂಜಿಗೆ ದಾರ ಹಾಕಿಟ್ಟು ಹೋಗ್ತಾನಂತ, ಅವು ಮುಗಿದ್ರ ಅಂವ ಬರೋಮಟ ಸುಮ್ನ ಕುಂದ್ರೂದ. ಅಕಿಗೆ ಬೇಕಾಗಿದ್ದು ಒಂದು ಚಾಳೀಸ, ಅಂದ್ರ ಕನ್ನಡಕ. ನಮ್ಮ ಟೆಂಪೋ ತುಂಬ ಸಾಮಾನಿತ್ತು, ಅದೊಂದು ಇರಲಿಲ್ಲ, ಯಾಕಂದ್ರ ಹೋಗೂಕಿಂತ ಮೊದ್ಲ ಏನು ಬೇಕವ್ವಾ ಅಂತ ಯಾರೂ ಕೇಳಿರಲಿಲ್ಲ.

1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ, 1841ರಾಗ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ನಿನವ್ರೂ ಮತ ಪ್ರಚಾರಕ್ಕ ಬಂದೋರ, ಮುಚ್ಚಿಡೂದೇನೈತಿ. ಆದ್ರ ಅವರು ಇಲ್ಲೇ ಇದ್ದು ನಮ್ಮ ಮಾತು ಕಲಿತ್ರು, ಶಾಲಿ ತಗದ್ರು. ಅವರ ಪೈಕಿ ಕಿಟೆಲ್ ಸಾಹೇಬ್ರು ಬಂದಿದ್ದು 1853ರಾಗ, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಾಗ, ಲೆಕ್ಕಾ ಹಾಕ್ರಿ. ನಮಗ ಮೂರು ದಿನದಾಗ ಬಂದ ಲಂಬಾಣಿ ಶಬ್ದ ಅಂದ್ರ ಯಾಡಿ ಅನ್ನೂದೊಂದ, ಅವ್ವ ಅಂತ ಅರ್ಥ.

ಬೈಬಲ್ಲಿನ ಲೂಕನ ಸುವಾರ್ತೆ 10ನೇ ಅಧ್ಯಾಯದಾಗ, ಕಳ್ಳರು ಬಡದು ದಾರ್ಯಾಗ ಕೆಡವಿದ್ದ ಒಬ್ಬಾಂವನ್ನ ಉಳಿಸಿದ ಸಮಾರ್ಯದವನ ಕಥಿ ಐತಲ್ಲ, ಸಂಡೇ ಸ್ಕೂಲಿನಿಂದ ಕೇಳ್ಕೊಂತ ಬಂದೀನಿ. ಅಂವ ಗಾಯಕ್ಕ ಎಣ್ಣಿ ಹಚ್ಚಿದ್ದು, ಕತ್ತೆ ಮ್ಯಾಲ ಕೂಡಿಸ್ಕೊಂಡು ಹೋಗಿದ್ದು ನೆನಪಿತ್ತು. ಛತ್ರದವನಿಗೆ ರೊಕ್ಕಾ ಕೊಟ್ಟು, ಹೆಚ್ಚಿಗಿ ಖರ್ಚಾದ್ರ ತಿರುಗಿ ಬರುವಾಗ ಕೊಡ್ತೀನಿ ಅಂದಿದ್ದು ಮಾತ್ರ ಈ ಸಲ ಬಂದ ಮ್ಯಾಲ ಕಣ್ಣಿಗೆ ಬಿತ್ತು. ನಿನ್ನ ದೇವರು ಯಾವಂವ ಅಂತ ಅಂವ ಕೇಳ್ಲೂ ಇಲ್ಲ.

ಪತ್ರ ಬರದ ಓದುಗರಿಗೆ ಇಷ್ಟ ಹೇಳ್ತೀನಿ, ಎಲ್ಲಾರನ್ನೂ ಒಂದ ತಕ್ಕಡ್ಯಾಗ ತೂಗಬ್ಯಾಡ್ರಿ, ಆದ್ರ ನೀವು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಅಕ್ಕಿ ತೋರಿಸಿ ಕೈ ಮುಗಿಸಿದ್ರ ಅದಕ್ಕ ವ್ಯಾಪಾರ ಅಂತಾರ, ನಂಬಿಕಿ ಅನ್ನಾಂಗಿಲ್ಲ. ಸಂಪಾದಕರ ಹತ್ರನೂ ಒಂದು ವಿನಂತಿ, ಕಿಟ್ ಹಂಚೋ ಫೋಟೋ ಚರ್ಚಿನವ್ರು ಕಳಿಸ್ಲಿ, ಮಠದವ್ರು ಕಳಿಸ್ಲಿ, ಪಾರ್ಟಿಯವ್ರು ಕಳಿಸ್ಲಿ, ಇಸ್ಕೊಳ್ಳೋರ ಮಾರಿ ಕಾಣೂ ಹಂಗ ಛಾಪಿಸಬ್ಯಾಡ್ರಿ.

ಫೆಬ್ರವರಿಯೊಳಗ ದುರ್ಗದಬೈಲಿನ್ಯಾಗ ಒಂದು ಚಾಳೀಸ ತಗೊಂಡು ಬಸ್ಸಿಗೆ ಹೋಗಿ ಕೊಟ್ಟು ಬಂದೆ. ಹಾಕ್ಕೊಂಡು ಮೊದ್ಲ ಸೂಜಿ ನೋಡಿದ್ಲು, ಆಮ್ಯಾಲ ನನ್ನ ನೋಡಿ, ನೀ ಇಷ್ಟು ಕರ್ರಗದಿ ಅಂತ ಗೊತ್ತಿರಲಿಲ್ಲ ಅಂದ್ಲು. ಮಗ್ಗಲ ಮನಿಯಾಕಿಗೂ ಒಂದು ಬೇಕಂತ.

ಇಂತಿ,
ಒಬ್ಬ ಓದುಗ, ಕೇಶ್ವಾಪುರ, ಹುಬ್ಬಳ್ಳಿ