ನಮ್ಮ ಕಾರುಗಳ ಹೆಸರು ಬದಲಾಯಿಸಿ ಅಂತ ನಿಮಗೆ ಹೇಳಿದವರು ಯಾರು?

ಗ್ರಾಹಕ ದೂರು ವಿಭಾಗದವರಿಗೆ,

ನಮಸ್ಕಾರ. ಮೂರು ವಾರದಲ್ಲಿ ಏಳು ಸಲ ಫೋನ್ ಮಾಡಿದ್ದೇನೆ. ಏಳು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ, ಅದಕ್ಕೇ ಈ ಪತ್ರ.

ಅಸೆಟ್ಟೊ ಕೊರ್ಸಾ ಅನ್ನೋ ಕಂಪ್ಯೂಟರ್ ಕಾರ್ ರೇಸ್ ಆಟವನ್ನು ಆನ್‌ಲೈನಲ್ಲಿ ಒಟ್ಟಿಗೆ ಆಡಲು ನಾವು 14 ಜನ ಸೇರಿ ನಿಮ್ಮ ಸರ್ವರ್ ಅನ್ನು ಮೂರು ತಿಂಗಳಿಗೆ ಬಾಡಿಗೆಗೆ ತಗೊಂಡೆವು. 4,500 ರೂಪಾಯಿ ಮೊದಲೇ ಕಟ್ಟಿದ್ದೇವೆ. ಹೊರಗಿನ ಕಾರುಗಳನ್ನು, ಅಂದರೆ ಆಡುವವರೇ ಮಾಡಿ ಆಟಕ್ಕೆ ಸೇರಿಸುವ ಕಾರುಗಳನ್ನು, ನಾವೇ ಹಾಕಿಕೊಡುತ್ತೇವೆ ಅಂತ ನಿಮ್ಮ ಪ್ಲಾನ್‌ನಲ್ಲೇ ಬರೆದಿದ್ದೀರಿ. ಅದನ್ನು ನೋಡಿಯೇ ದುಡ್ಡು ಕಟ್ಟಿದ್ದು. 2014ರಲ್ಲಿ ಬಂದ ಆಟವನ್ನು ಜನ ಇವತ್ತಿಗೂ ಬಿಡದೆ ಆಡುತ್ತಿರುವುದೇ ಇಂಥ ಕಾರುಗಳ ದೆಸೆಯಿಂದ. ನಿಮಗೆ ಗೊತ್ತಿಲ್ಲದ ವಿಷಯ ಅಲ್ಲ.

ನಾವು ಕಳಿಸಿದ್ದು 12 ಕಾರು. ಅದರಲ್ಲಿ ಒಂದು ಮಾರುತಿ 800. ತುಮಕೂರಿನ ಮನೆಯ ಶೆಡ್‌ನಲ್ಲಿ ನಿಂತಿದ್ದ ತನ್ನ ಅಪ್ಪನ ಗಾಡಿಯನ್ನು ನಮ್ಮ ಗೆಳೆಯ ಟೇಪ್ ಹಿಡಿದು ಅಳೆದು, ಎಂಟು ತಿಂಗಳು ರಾತ್ರಿ ಕೂತು ಮಾಡಿದ್ದು. ಆ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ನಿನ ಸದ್ದನ್ನೂ ಅದೇ ಗಾಡಿಯಿಂದ ರೆಕಾರ್ಡ್ ಮಾಡಿದ್ದಾನೆ. ಅಪ್ಪನ ಕೈ ತಾಗಿ ತಾಗಿ ಗೇರ್ ಹಿಡಿಯ ಮೇಲಿನ ಅಂಕಿ ಸವೆದುಹೋಗಿತ್ತು, ಅದನ್ನೂ ಹಾಗೇ ತಂದಿದ್ದಾನೆ. ಆ ಅಪ್ಪ ಈಗಿಲ್ಲ.

ನಿಮ್ಮವರು ಸರ್ವರ್‌ಗೆ ಹಾಕುವಾಗ ಆ ಕಾರುಗಳ 12 ಫೋಲ್ಡರ್‌ಗಳ ಹೆಸರನ್ನೂ ತೆಗೆದು ಕಾರ್ 1, ಕಾರ್ 2 ಅಂತ ಇಟ್ಟರು. ಯಾಕೆ ಅಂದರೆ, ನೀಟಾಗಿ ಕಾಣಲಿ ಅಂತ. ಸರ್ವರ್‌ನಲ್ಲಿರುವ ಫೋಲ್ಡರ್ ಹೆಸರು, ಆಡುವವರ ಕಂಪ್ಯೂಟರ್‌ನಲ್ಲಿರುವ ಹೆಸರು ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಆ ಕಾರು ನಿಮ್ಮ ಹತ್ರ ಇಲ್ಲ ಅಂತ ಆಟ ಒಳಗೇ ಬಿಡುವುದಿಲ್ಲ. ಇದನ್ನು ಹೇಳಿದರೆ, ನೀವೂ ನಿಮ್ಮ ಕಡೆ ಹೆಸರು ಬದಲಾಯಿಸಿಕೊಳ್ಳಿ ಅಂದಿರಿ. 14 ಜನರೂ ಬದಲಾಯಿಸಿದೆವು. ಆಟ ಕ್ರ್ಯಾಶ್ ಆಯಿತು. ಆಗದೆ ಇನ್ನೇನು? ಕಾರಿನ ತೂಕ, ಸಸ್ಪೆನ್ಷನ್, ಟೈರು ಎಲ್ಲದರ ಲೆಕ್ಕ ಡೇಟಾ.ಎಸಿಡಿ ಅನ್ನೋ ಫೈಲಿನಲ್ಲಿ ಬೀಗ ಹಾಕಿ ಇಟ್ಟಿರುತ್ತದೆ, ಆ ಬೀಗದ ಕೀ ಹುಟ್ಟುವುದೇ ಫೋಲ್ಡರ್ ಹೆಸರಿನಿಂದ. ಹೆಸರು ಬದಲಾದರೆ ಬೀಗ ತೆಗೆಯಲ್ಲ. ಸದ್ದಿನ ಫೈಲೂ ಹಳೇ ಹೆಸರನ್ನೇ ಹುಡುಕುತ್ತದೆ. ಈ ಆಟಕ್ಕೆ ಅಂತಲೇ ಸರ್ವರ್ ಬಾಡಿಗೆ ಕೊಡುವವರಿಗೆ ಇಷ್ಟು ಗೊತ್ತಿರಬೇಕಲ್ವಾ?

ಹೋದ ಶನಿವಾರ ರಾತ್ರಿ 8:40ಕ್ಕೆ ಫೋನ್ ಮಾಡಿದೆ. 9ಕ್ಕೆ ರೇಸ್ ಇತ್ತು. ನಿಮ್ಮ ಹುಡುಗ, "ಗೇಮ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಸರ್" ಅಂದ. ಎರಡು ಸಲ ಮಾಡಿದೀನಪ್ಪಾ ಅಂದೆ. ಫೋಲ್ಡರ್ ಹೆಸರಿನ ವಿಷಯ ಮೊದಲಿಂದ ಹೇಳಿದೆ, ಅವನು ಹ್ಞೂಂ ಹ್ಞೂಂ ಅಂತಿದ್ದ. ಆಮೇಲೆ ಪಕ್ಕದಲ್ಲಿ ಯಾರಿಗೋ "ಅದೇ, ಕಾರ್ ಗೇಮ್‌ನವ್ರು" ಅಂದದ್ದು ಕೇಳಿಸಿತು. ಇಬ್ಬರೂ ನಕ್ಕರು. ನಾಲ್ಕು ನಿಮಿಷ ಮ್ಯೂಸಿಕ್. ವಾಪಸ್ ಬಂದು, "ಯಾವ ಮೊಬೈಲ್ ಸರ್ ನಿಮ್ದು?" ಮೊಬೈಲ್ ಅಲ್ಲ, ಕಂಪ್ಯೂಟರ್ ಅಂದೆ. ಅದಕ್ಕೆ ಅವನು, "ಮನೇಲಿ ದೊಡ್ಡವರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?"

ನನಗೆ 41 ವರ್ಷ. ಫೋನ್ ಸ್ಪೀಕರ್‌ನಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಮುಖ ನೋಡಿದಳು. ಆಡುವಾಗ ನಾವೆಲ್ಲ ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾರುತಿ ಮಾಡಿದ ಆ ಗೆಳೆಯನೂ ಎಲ್ಲ ಕೇಳಿಸಿಕೊಂಡ. ಅವನು ಒಂದು ಮಾತೂ ಆಡದೆ ಲಾಗ್‌ಔಟ್ ಆದ. ಇವತ್ತಿನವರೆಗೂ ಮತ್ತೆ ಬಂದಿಲ್ಲ.

12 ಫೋಲ್ಡರ್‌ಗಳನ್ನು ನಾವು ಕಳಿಸಿದ ಹೆಸರಿನಲ್ಲೇ, ಒಳಗಿನ ಒಂದು ಫೈಲನ್ನೂ ಮುಟ್ಟದೆ ವಾಪಸ್ ಹಾಕಿ. ಇಲ್ಲ, ಪೂರ್ತಿ ದುಡ್ಡು ವಾಪಸ್ ಕೊಡಿ. ಆನ್‌ಲೈನಲ್ಲಿ ಮಾರುವವರು ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ನನ್ನ ಮೊದಲ ಇಮೇಲ್‌ಗೇ ನಿಮ್ಮಿಂದ ಇನ್ನೂ ಒಂದು ಸಾಲು ಬಂದಿಲ್ಲ.

ಸೋಮವಾರದವರೆಗೆ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915, ಅಲ್ಲಿಂದ ಸೀದಾ ಜಿಲ್ಲಾ ಗ್ರಾಹಕ ಆಯೋಗ. ಇಷ್ಟು ದುಡ್ಡಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಶನಿವಾರದ ಕರೆ ಪೂರ್ತಿ ರೆಕಾರ್ಡ್ ಆಗಿದೆ. ನಿಮ್ಮವರು ನಕ್ಕಿದ್ದು, ಆ ನಾಲ್ಕು ನಿಮಿಷದ ಮ್ಯೂಸಿಕ್, ಮನೇಲಿ ದೊಡ್ಡವರು ಇದ್ದಾರಾ ಅಂದದ್ದು, ಎಲ್ಲವನ್ನೂ ಅಲ್ಲಿ ಕೂತವರಿಗೆ ಕೇಳಿಸುತ್ತೇನೆ.

ಇತಿ,
ನಿಮ್ಮ ಗ್ರಾಹಕ